ದೊಡ್ಡತಾತನ ಉಣ್ಣೆ ಕೋಟು (ಭಾಗ 3)

ಫೋಟೊದಲ್ಲಿರೋ ಕೋಟು ನಮ್ಮ ದೊಡ್ಡತಾತಂದು. ಗುಬ್ಬಿಯಿಂದ ದೆಹಲಿಗೆ ಗುಮಾಸ್ತರಾಗಿ ಹೋದವರು. ಇದನ್ನ ಹಾಕೋವಷ್ಟು ಚಳಿ ನಮ್ಮ ಕಡೆ ಬರೋದೇ ಇಲ್ಲ.

ದೆಹಲಿ ರಾಜಧಾನಿ ಅಂತ ಘೋಷಣೆಯಾಗಿದ್ದು 1911ರ ಡಿಸೆಂಬರ್ 12ಕ್ಕೆ, ಚಳಿಗಾಲದಲ್ಲಿ. ಬೇಸಿಗೆ ಬಂದ್ರೆ ಬ್ರಿಟಿಷ್ ಸರ್ಕಾರ ಕಡತ ಕಟ್ಟಿಕೊಂಡು ಶಿಮ್ಲಾ ಬೆಟ್ಟ ಹತ್ತುತ್ತಿತ್ತು. ಸ್ವಾತಂತ್ರ್ಯದ ನಂತರ ಹೋದ ನಮ್ಮವರಿಗೆ ಆ ಭಾಗ್ಯ ಇರ್ಲಿಲ್ಲ. ಮೇ ತಿಂಗಳ 'ಲೂ' ಬಿಸಿಗಾಳಿ, ಜನವರಿಯ 4–5 ಡಿಗ್ರಿ ಚಳಿ, ದಟ್ಟ ಮಂಜು, ಎಲ್ಲಾ ಅಲ್ಲೇ ಕಳೀಬೇಕು.

ನಮ್ಮಲ್ಲಿ ಭರಣಿ ಮಳೆ ಬಿದ್ರೆ ಹೊಲಕ್ಕೆ ನೇಗಿಲು ಇಳಿಯುತ್ತೆ. ದೆಹಲಿಗೆ ಮುಂಗಾರು ಮುಟ್ಟೋದೇ ಜೂನ್ ಕೊನೆಗೆ, ಆರಿದ್ರಾ ಹೊತ್ತಿಗೆ. ಇಲ್ಲಿ ಚಿತ್ತೆ ಮಳೆ ಸುರಿಯುವಾಗ ಅಲ್ಲಿ ಮಳೆಗಾಲ ಮುಗಿದು, ಚಳಿಗೆ ಅಂತ ರಜಾಯಿಗಳನ್ನ ಬಿಸಿಲಿಗೆ ಹಾಕ್ತಿರ್ತಾರೆ.

ಇದೆಲ್ಲ ಗೊತ್ತಿಲ್ಲದ ಮುತ್ತಜ್ಜಿ ಪ್ರತಿವರ್ಷ ಕಾಗದ ಬರೆಸೋರಂತೆ: "ಭರಣಿ ಹುಯ್ತಾ, ಮಗಾ?"

ದೊಡ್ಡತಾತ ಪ್ರತಿವರ್ಷ ಒಂದೇ ಉತ್ತರ ಬರೆಯೋರಂತೆ: "ಹೂಂ ಅವ್ವಾ, ಚೆನ್ನಾಗಿ ಹುಯ್ತು."

ಎಸ್‌ಎಸ್‌ಸಿ ಫಾರಂ ತುಂಬ್ತಿರೋ ಗೆಳೆಯರೇ, ನಾಳೆ ನಮಗೂ ಅಲ್ಲೇ ಪೋಸ್ಟಿಂಗ್ ಬರಬಹುದು. ಜನವರಿ ರಾತ್ರಿ ಅಮ್ಮ ಫೋನ್ ಮಾಡಿ "ಚಳಿ ಇದ್ಯಾ?" ಅಂದ್ರೆ ನೀವು ಏನಂತೀರಾ?