ಹವಾಮಾನ ಬದಲಾವಣೆ ಮತ್ತು ನವೀಕರಿಸಬಹುದಾದ ಇಂಧನ: ಬಾಗಲಕೋಟೆ ಜಿಲ್ಲೆಯ ನಾಗರಿಕರಿಗೆ ಮಾಹಿತಿ

1. ಪೀಠಿಕೆ

2009ರ ಅಕ್ಟೋಬರ್ 17ರಂದು ಮಾಲ್ಡೀವ್ಸ್ ದೇಶದ ಸಚಿವ ಸಂಪುಟವು ಸಮುದ್ರದ ನೀರಿನೊಳಗೆ ಸಭೆ ಸೇರಿ, ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸುವಂತೆ ವಿಶ್ವದ ರಾಷ್ಟ್ರಗಳಿಗೆ ಮನವಿ ಮಾಡಿತು. ಸದರಿ ದೇಶದ ಬಹುಪಾಲು ಭೂಮಿಯು ಸಮುದ್ರಮಟ್ಟದಿಂದ 2 ಮೀಟರಿಗಿಂತಲೂ ಕಡಿಮೆ ಎತ್ತರದಲ್ಲಿದೆ. ಅದೇ ತಿಂಗಳ ಆರಂಭದಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಭಾರಿ ಮಳೆಯಿಂದ ಮಲಪ್ರಭಾ ನದಿಯು ಉಕ್ಕಿ ಹರಿದು, ಬಾದಾಮಿ ಮತ್ತು ಹುನಗುಂದ ತಾಲೂಕುಗಳ ನದಿತೀರದ ಗ್ರಾಮಗಳು ಜಲಾವೃತಗೊಂಡಿದ್ದವು.

ಹೊಗೆಯನ್ನು ಅತಿ ಕಡಿಮೆ ಉಗುಳಿದವರೇ ಅದರ ಪರಿಣಾಮವನ್ನು ಮೊದಲು ಅನುಭವಿಸುತ್ತಾರೆ ಎಂಬುದು ಸಣ್ಣ ದ್ವೀಪ ರಾಷ್ಟ್ರಗಳ ವಾದವಾಗಿದೆ. ಈ ಮಾತು ಸಮುದ್ರದಿಂದ ದೂರವಿರುವ ಬಾಗಲಕೋಟೆ ಜಿಲ್ಲೆಯ ನದಿತೀರದ ಸಣ್ಣ ಹಿಡುವಳಿದಾರರಿಗೂ ನೇಕಾರರಿಗೂ ಅನ್ವಯಿಸುತ್ತದೆ. ಈ ಹಿನ್ನೆಲೆಯಲ್ಲಿ ಜಿಲ್ಲೆಯ ಸ್ಥಿತಿಗತಿ ಹಾಗೂ ಸೌರಶಕ್ತಿ ಸೌಲಭ್ಯ ಪಡೆಯುವ ವಿಧಾನದ ಕುರಿತು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗಿನಂತೆ ವಿವರಿಸಲಾಗಿದೆ.

2. ಜಿಲ್ಲೆಯ ಸ್ಥಿತಿಗತಿ

1997ರಲ್ಲಿ ಅವಿಭಜಿತ ವಿಜಾಪುರ ಜಿಲ್ಲೆಯಿಂದ ಪ್ರತ್ಯೇಕಗೊಂಡ ಈ ಜಿಲ್ಲೆಯಲ್ಲಿ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಹರಿಯುತ್ತವೆ. ಆದರೆ ವಾರ್ಷಿಕ ವಾಡಿಕೆ ಮಳೆಯು 600 ಮಿಲಿಮೀಟರಿಗಿಂತ ಕಡಿಮೆ ಇದೆ. ಪ್ರವಾಹದ ನೀರು ಬಹುತೇಕ ಪಶ್ಚಿಮದ ಮೇಲ್ಭಾಗದ ಜಲಾನಯನ ಪ್ರದೇಶದಿಂದಲೇ ಬರುತ್ತದೆ. ಆದ್ದರಿಂದ ಊರಿನಲ್ಲಿ ಮಳೆ ಇಲ್ಲದಿದ್ದರೂ ನದಿಗೆ ಮಹಾಪೂರ ಬರುವುದುಂಟು.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಪ್ರವಾಹದ ನೀರು ಪಟ್ಟದಕಲ್ಲಿನ ದೇವಾಲಯ ಸಮುಚ್ಚಯವನ್ನು ಹಾಗೂ ಐಹೊಳೆ ಗ್ರಾಮವನ್ನು ಪ್ರವೇಶಿಸಿತ್ತು. ನಾಲ್ಕು ವರ್ಷಗಳ ನಂತರ, 2023ರಲ್ಲಿ, ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಗಾಳಿಯ ಉಷ್ಣಾಂಶವು 1 ಡಿಗ್ರಿ ಸೆಲ್ಸಿಯಸ್ ಏರಿದಲ್ಲಿ ಅದು ಸುಮಾರು ಶೇ. 7ರಷ್ಟು ಹೆಚ್ಚು ತೇವಾಂಶವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಈ ಕಾರಣದಿಂದ ಮಳೆ ಬಂದಾಗ ರಭಸವಾಗಿ ಸುರಿಯುವ ಸಂಭವವೂ, ಮಳೆ ಬಾರದಿದ್ದಾಗ ನೆಲ ಬೇಗ ಒಣಗುವ ಸಂಭವವೂ ಹೆಚ್ಚುತ್ತದೆ.

ಹಳೆಯ ಬಾಗಲಕೋಟೆ ಪಟ್ಟಣದ ಭಾಗಗಳು ಮುಳುಗಡೆಯಾದದ್ದು ಹವಾಮಾನ ಬದಲಾವಣೆಯಿಂದಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಎಂಬುದನ್ನು ಇಲ್ಲಿ ಗಮನಿಸಬೇಕು. ಮುಳುಗಡೆ ಸಂತ್ರಸ್ತರಿಗಾಗಿ ನವನಗರವನ್ನು ನಿರ್ಮಿಸಲಾಯಿತು. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪವು ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ, ರಕ್ಷಣಾ ಗೋಡೆಯ ಒಳಗೆ, ದ್ವೀಪದಂತೆ ನಿಂತಿದೆ. ನೀರಿಗಾಗಿ ಊರು ಬಿಡುವುದು ಏನೆಂಬುದು ಈ ಜಿಲ್ಲೆಯ ಜನತೆಗೆ ಹೊಸದಲ್ಲ.

3. ರಾಷ್ಟ್ರದ ನಿಲುವು

ದ್ವೀಪ ರಾಷ್ಟ್ರಗಳ ಒತ್ತಾಯದ ಫಲವಾಗಿ 2015ರ ಪ್ಯಾರಿಸ್ ಒಪ್ಪಂದದಲ್ಲಿ ಭೂಮಿಯ ಸರಾಸರಿ ಉಷ್ಣಾಂಶದ ಏರಿಕೆಯನ್ನು 1.5 ಡಿಗ್ರಿ ಸೆಲ್ಸಿಯಸ್‌ಗೆ ಸೀಮಿತಗೊಳಿಸುವ ಪ್ರಯತ್ನವನ್ನು ಸೇರಿಸಲಾಯಿತು. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಭಾರತವು 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿಯನ್ನು ಘೋಷಿಸಿತು. ಸ್ಥಾಪಿತ ವಿದ್ಯುತ್ ಸಾಮರ್ಥ್ಯದಲ್ಲಿ ಶೇ. 50ರಷ್ಟನ್ನು ಕಲ್ಲಿದ್ದಲು, ತೈಲ, ಅನಿಲಗಳಲ್ಲದ ಮೂಲಗಳಿಂದ 2030ರೊಳಗೆ ಪಡೆಯುವ ಗುರಿಯನ್ನು ದೇಶವು 2025ರಲ್ಲಿಯೇ ತಲುಪಿತು.

ಜಿಲ್ಲೆಯ ಗಡಿಯಲ್ಲಿರುವ ಆಲಮಟ್ಟಿ ಜಲವಿದ್ಯುದಾಗಾರದ ಸಾಮರ್ಥ್ಯವು 290 ಮೆಗಾವ್ಯಾಟ್ ಆಗಿದ್ದು, ಅದರ ಉತ್ಪಾದನೆಯು ನದಿಯ ಒಳಹರಿವನ್ನು ಅವಲಂಬಿಸಿದೆ. ಮಳೆ ಕೈಕೊಟ್ಟ ವರ್ಷದಲ್ಲಿಯೂ ಈ ಜಿಲ್ಲೆಗೆ ಕೊರತೆಯಾಗದ ಸಂಪನ್ಮೂಲವೆಂದರೆ ಬಿಸಿಲು.

4. ಮನೆಯ ಮೇಲ್ಛಾವಣಿ ಸೌರ ವಿದ್ಯುತ್

ಕೇಂದ್ರ ಸರ್ಕಾರವು 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಉಚಿತ ವಿದ್ಯುತ್ ಯೋಜನೆಯನ್ನು ಜಾರಿಗೊಳಿಸಿತು. ಯೋಜನೆ ಆರಂಭವಾದಾಗ ನಿಗದಿಪಡಿಸಲಾದ ಸಹಾಯಧನವು ಕೆಳಕಂಡಂತಿದೆ.

1 ಕಿಲೋವ್ಯಾಟ್: ರೂ. 30,000
2 ಕಿಲೋವ್ಯಾಟ್: ರೂ. 60,000
3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು: ರೂ. 78,000

ಒಂದು ಕಿಲೋವ್ಯಾಟ್ ಘಟಕಕ್ಕೆ ನೆರಳು ಬೀಳದ ಸುಮಾರು 100 ಚದರ ಅಡಿ ಛಾವಣಿ ಬೇಕಾಗುತ್ತದೆ. ಅದರಿಂದ ದಿನಕ್ಕೆ ಸರಾಸರಿ 4 ಯೂನಿಟ್ ವಿದ್ಯುತ್ ದೊರೆಯುತ್ತದೆ. ಬಳಸಿ ಉಳಿದ ವಿದ್ಯುತ್ತು ನೆಟ್ ಮೀಟರ್ ಮೂಲಕ ಹೆಸ್ಕಾಂ ಜಾಲಕ್ಕೆ ಸೇರುತ್ತದೆ.

ಅರ್ಜಿದಾರರು ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ವಿದ್ಯುತ್ ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆಯನ್ನು ನಮೂದಿಸಿ ನೋಂದಾಯಿಸಿಕೊಳ್ಳಬೇಕು. ತದನಂತರ ನೋಂದಾಯಿತ ಮಾರಾಟಗಾರರಿಂದ ಮಾತ್ರ ಘಟಕವನ್ನು ಅಳವಡಿಸಿಕೊಂಡು, ನೆಟ್ ಮೀಟರ್ ಜೋಡಣೆ ಹಾಗೂ ಪರಿಶೀಲನೆಯ ನಂತರ ಬ್ಯಾಂಕ್ ಖಾತೆಯ ವಿವರ ಸಲ್ಲಿಸಬೇಕು. ಸಹಾಯಧನವು ನೇರವಾಗಿ ಖಾತೆಗೆ ಜಮೆಯಾಗುವುದು.

5. ಅರ್ಜಿಗೆ ಮುನ್ನ ಸರಿಪಡಿಸಿಕೊಳ್ಳಬೇಕಾದ ದಾಖಲೆಗಳು

ವಿದ್ಯುತ್ ಸಂಪರ್ಕವು ಅರ್ಜಿದಾರರ ಹೆಸರಿನಲ್ಲಿ ಇರುವುದು ಅವಶ್ಯಕ. ಪುನರ್ವಸತಿ ಕೇಂದ್ರಗಳಲ್ಲಿ, ನವನಗರದಲ್ಲಿ ಹಾಗೂ 2009ರ ಪ್ರವಾಹದ ನಂತರ ನಿರ್ಮಿಸಲಾದ ಆಸರೆ ಮನೆಗಳಲ್ಲಿ ನಿವೇಶನ ಪಡೆದವರು ತಂದೆ ಅಥವಾ ಅಜ್ಜ ಆಗಿದ್ದು, ಈಗ ವಾಸವಿರುವವರು ಮಕ್ಕಳು ಅಥವಾ ಮೊಮ್ಮಕ್ಕಳು ಆಗಿರಬಹುದು. ಮೃತರ ಹೆಸರಿನಲ್ಲಿ ಆರ್.ಆರ್. ಸಂಖ್ಯೆ ಮುಂದುವರಿದಿದ್ದಲ್ಲಿ ಛಾವಣಿ, ಬಿಸಿಲು, ಹಣ ಎಲ್ಲವೂ ಇದ್ದರೂ ಅರ್ಜಿಯು ಮುಂದೆ ಸಾಗುವುದಿಲ್ಲ. ಆದ್ದರಿಂದ ಈ ಕ್ರಮವನ್ನು ಅನುಸರಿಸುವುದು ಸೂಕ್ತ.

ಅ) ಹಕ್ಕುಪತ್ರವನ್ನು ಹುಡುಕಿ ಸುರಕ್ಷಿತವಾಗಿ ಇಟ್ಟುಕೊಳ್ಳುವುದು.
ಆ) ಮರಣ ಪ್ರಮಾಣಪತ್ರ ಹಾಗೂ ವಂಶವೃಕ್ಷ ಪಡೆದು, ಆಸ್ತಿಗೆ ವಾರಸುದಾರರ ಹೆಸರು ದಾಖಲಿಸಿಕೊಳ್ಳುವುದು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ಮೂಲಕವೂ, ಪಟ್ಟಣಗಳಲ್ಲಿ ಸಂಬಂಧಪಟ್ಟ ಸ್ಥಳೀಯ ಸಂಸ್ಥೆಯಲ್ಲಿಯೂ ದಾಖಲಿಸಲಾಗುತ್ತದೆ.
ಇ) ಇತರೆ ವಾರಸುದಾರರ ಒಪ್ಪಿಗೆ ಪತ್ರದೊಂದಿಗೆ ಹೆಸ್ಕಾಂ ಉಪವಿಭಾಗದಲ್ಲಿ ವಿದ್ಯುತ್ ಸಂಪರ್ಕದ ಹೆಸರು ಬದಲಾವಣೆಗೆ ಅರ್ಜಿ ಸಲ್ಲಿಸುವುದು.
ಈ) ಆಧಾರ್, ಬ್ಯಾಂಕ್ ಖಾತೆ ಮತ್ತು ವಿದ್ಯುತ್ ಬಿಲ್ಲಿನಲ್ಲಿ ಹೆಸರಿನ ಕಾಗುಣಿತ ಒಂದೇ ಆಗಿರುವಂತೆ ನೋಡಿಕೊಳ್ಳುವುದು.

6. ವಿಶೇಷ ಸೂಚನೆಗಳು

ಬ್ಯಾಟರಿ ಇಲ್ಲದ ಸಾಮಾನ್ಯ ಮೇಲ್ಛಾವಣಿ ಘಟಕವು ಹೆಸ್ಕಾಂ ಪೂರೈಕೆ ಸ್ಥಗಿತಗೊಂಡ ಕೂಡಲೇ ತಾನೂ ಸ್ಥಗಿತಗೊಳ್ಳುತ್ತದೆ. ತಂತಿಯ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗಳ ಜೀವರಕ್ಷಣೆಗಾಗಿ ಈ ವ್ಯವಸ್ಥೆ ಮಾಡಲಾಗಿದೆ. ಪ್ರವಾಹದ ಸಮಯದಲ್ಲಿ ಬೆಳಕು ಬೇಕೆನ್ನುವವರು ಬ್ಯಾಟರಿ ಇರುವ ಘಟಕ ಅಥವಾ ಪ್ರತ್ಯೇಕ ಸೌರದೀಪವನ್ನು ಹೊಂದಿರುವುದು ಒಳಿತು.

ಗೃಹ ಸಹಾಯಧನವು ವಸತಿ ಸಂಪರ್ಕಗಳಿಗೆ ಮಾತ್ರ ಅನ್ವಯಿಸುತ್ತದೆ. ಇಳಕಲ್‌ನಂತಹ ಊರುಗಳಲ್ಲಿ ಮನೆ ಮತ್ತು ಮಗ್ಗ ಒಂದೇ ಸೂರಿನಡಿ ಇದ್ದು ಎರಡಕ್ಕೂ ಪ್ರತ್ಯೇಕ ಮೀಟರ್ ಇದ್ದಲ್ಲಿ, ಮನೆಯ ಮೀಟರ್ ಸಂಖ್ಯೆಯನ್ನೇ ನಮೂದಿಸಬೇಕು. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ತಮ್ಮ ಬಿಲ್ಲಿನ ಮೇಲಾಗುವ ಪರಿಣಾಮವನ್ನು ಉಪವಿಭಾಗ ಕಚೇರಿಯಲ್ಲಿ ಮುಂಚಿತವಾಗಿ ತಿಳಿದುಕೊಳ್ಳತಕ್ಕದ್ದು.

ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರ ತೀರ್ಪಿನಲ್ಲಿ ಅವಕಾಶ ನೀಡಿದೆ. ಹಿನ್ನೀರಿನ ಅಂಚಿನಲ್ಲಿ ವಾಸಿಸುವವರು ತಮ್ಮ ಮನೆಯು ಭೂಸ್ವಾಧೀನ ವ್ಯಾಪ್ತಿಯಲ್ಲಿದೆಯೇ ಎಂಬುದನ್ನು ಪುನರ್ವಸತಿ ಕಚೇರಿಯಲ್ಲಿ ವಿಚಾರಿಸಿದ ನಂತರವೇ ಛಾವಣಿ ಘಟಕಕ್ಕೆ ಹಣ ಹೂಡಬೇಕು.

7. ಸೌರ ಪಂಪ್‌ಸೆಟ್

2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆಯಡಿ ವಿದ್ಯುತ್ ಜಾಲದಿಂದ ದೂರವಿರುವ ಕೊಳವೆಬಾವಿಗಳಿಗೆ ಸೌರ ಪಂಪ್‌ಸೆಟ್ ನೀಡುವ ಘಟಕವಿದ್ದು, ರಾಜ್ಯ ಸರ್ಕಾರವೂ ತನ್ನ ಪಾಲಿನ ಸಹಾಯಧನವನ್ನು ಭರಿಸಿದೆ. ಇದಕ್ಕೆ ಪಹಣಿ ಉತಾರ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿಗಳು ಅಗತ್ಯ. ಉತಾರದಲ್ಲಿಯೂ ಹೆಸರಿನ ತಿದ್ದುಪಡಿ ಇದ್ದಲ್ಲಿ ಮೊದಲು ಮಾಡಿಸಿಕೊಳ್ಳುವುದು. ಹಗಲಿನಲ್ಲಿಯೇ ನೀರು ಹಾಯಿಸಬಹುದಾದ್ದರಿಂದ ರಾತ್ರಿ ಹೊಲಕ್ಕೆ ಹೋಗುವ ತೊಂದರೆ ತಪ್ಪುತ್ತದೆ. ಆದರೆ ಬಿಸಿಲಿನ ಪಂಪಿಗೆ ಬಿಲ್ ಇಲ್ಲವೆಂದು ಅಂತರ್ಜಲವನ್ನು ಮಿತಿಮೀರಿ ಎತ್ತಿದಲ್ಲಿ ಬಾವಿಯೇ ಬತ್ತುವುದರಿಂದ, ಹನಿ ನೀರಾವರಿಯನ್ನು ಜೊತೆಗೆ ಅಳವಡಿಸಿಕೊಳ್ಳುವುದು ಹಿತಕರ.

8. ಸಂಪರ್ಕ

ಸಹಾಯಧನದ ಪ್ರಮಾಣ ಹಾಗೂ ಅರ್ಜಿಯ ಅವಧಿಯು ಕಾಲಕಾಲಕ್ಕೆ ಬದಲಾಗುವುದರಿಂದ, ಹಣ ಪಾವತಿಸುವ ಮುನ್ನ ಹತ್ತಿರದ ಹೆಸ್ಕಾಂ ಉಪವಿಭಾಗ ಕಚೇರಿ ಅಥವಾ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮವನ್ನು (ಕ್ರೆಡಲ್) ಸಂಪರ್ಕಿಸಿ ಖಚಿತಪಡಿಸಿಕೊಳ್ಳುವುದು. ಮಧ್ಯವರ್ತಿಗಳಿಗೆ ಮುಂಗಡ ನೀಡಬಾರದು. ಅರ್ಜಿ ಸಲ್ಲಿಸಿದ ನಂತರ ಸ್ವೀಕೃತಿ ಸಂಖ್ಯೆಯನ್ನು ತಪ್ಪದೇ ಪಡೆದು, ಹಕ್ಕುಪತ್ರದ ಜೊತೆಯಲ್ಲಿಯೇ ನೀರು ತಾಗದ ಎತ್ತರದ ಸ್ಥಳದಲ್ಲಿ ಕಾಪಾಡಿಕೊಳ್ಳುವುದು.