‘ಲೈಫ್’ ಎಂದರೆ ಯಾವ ಲೈಫ್? ಒಂದೇ ಇಂಗ್ಲಿಷ್ ಪದ, ಹತ್ತು ಅರ್ಥ: ಫಾರ್ವರ್ಡ್ ಮಾಡುವ ಮುನ್ನ ತಿಳಿದಿರಲಿ

‘ಲೈಫ್ ಸೆಂಟೆನ್ಸ್ ಅಂದರೆ 14 ವರ್ಷ ಅಷ್ಟೇ.’ ‘ಹಿಂದೆ ನಮ್ಮ ದೇಶದಲ್ಲಿ ಎಲ್ಲರೂ 32ಕ್ಕೇ ಸಾಯುತ್ತಿದ್ದರು.’ ‘ಲೈಫ್ ಸಪೋರ್ಟ್‌ನಲ್ಲಿ ಇಟ್ಟರೆ ಮನುಷ್ಯ ಸತ್ತ ಹಾಗೆಯೇ.’ ‘ಮಂಗಳ ಗ್ರಹದಲ್ಲಿ ಲೈಫ್ ಸಿಕ್ಕಿತು!’

ಇಂಥ ಸಂದೇಶಗಳು ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರುತ್ತವೆ. ಇವುಗಳ ವಿಷಯ ಬೇರೆ ಬೇರೆ. ಆದರೆ ಎಲ್ಲದರಲ್ಲೂ ಗೊಂದಲ ಹುಟ್ಟುವುದು ‘ಲೈಫ್’ ಎಂಬ ಒಂದೇ ಪದದಿಂದ.

ಕನ್ನಡದಲ್ಲಿ ನಾವು ಜೀವ, ಪ್ರಾಣ, ಜೀವನ, ಬದುಕು, ಬಾಳು, ಆಯುಸ್ಸು, ಬಾಳಿಕೆ ಎಂದು ಸಂದರ್ಭಕ್ಕೆ ತಕ್ಕ ಪದ ಬಳಸುತ್ತೇವೆ. ಚಪ್ಪಲಿಗೆ ಬಾಳಿಕೆ ಇರುತ್ತದೆ, ಆಯುಸ್ಸು ಇರುವುದಿಲ್ಲ. ಮಗುವಿಗೆ ಹಿರಿಯರು ಆಯುಸ್ಸು ಹಾರೈಸುತ್ತಾರೆ, ಬಾಳಿಕೆಯನ್ನಲ್ಲ. ಇಂಗ್ಲಿಷಿನಲ್ಲಿ ಈ ಎಲ್ಲ ಕೆಲಸವನ್ನೂ ‘ಲೈಫ್’ ಒಂದೇ ಮಾಡುತ್ತದೆ. ಆ ಪದ ಎಲ್ಲಿ ಯಾವ ಅರ್ಥ ಕೊಡುತ್ತದೆ, ಯಾವ ತಪ್ಪು ತಿಳಿವಳಿಕೆ ಅದರಿಂದ ಹರಡುತ್ತಿದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಪದ ಬಂದದ್ದು ಎಲ್ಲಿಂದ?

ಹಳೆಯ ಇಂಗ್ಲಿಷಿನಲ್ಲಿ ಇದು ‘ಲೀಫ್’ ಎಂದಿತ್ತು. ಜರ್ಮನ್ ಭಾಷೆಯಲ್ಲಿ ‘ದೇಹ’ ಎಂಬ ಅರ್ಥದ ‘ಲೈಬ್’ ಇದೇ ಕುಟುಂಬದ ಪದ. ಇವುಗಳ ಮೂಲದಲ್ಲಿ ‘ಅಂಟಿಕೊಂಡಿರು, ಉಳಿದಿರು’ ಎಂಬ ಅರ್ಥವಿತ್ತು ಎಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ‘ಅಲೈವ್’ ಎಂಬ ಪದ ‘ಆನ್ ಲೈಫ್’ ಎಂಬ ಎರಡು ಪದಗಳು ಕೂಡಿ ಆದದ್ದು.

ಬಹುವಚನ ‘ಲೈವ್ಸ್’ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಹೂದಾನಿ, ಹಣ್ಣಿನ ಬುಟ್ಟಿಗಳಂಥ ವಸ್ತುಗಳ ಚಿತ್ರಕ್ಕೆ ಹೇಳುವ ‘ಸ್ಟಿಲ್ ಲೈಫ್’ ಬಹುವಚನದಲ್ಲಿ ‘ಸ್ಟಿಲ್ ಲೈಫ್ಸ್’ ಆಗುತ್ತದೆ, ‘ಲೈವ್ಸ್’ ಅಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇದನ್ನು ಗುರುತು ಹಾಕಿಕೊಳ್ಳಬಹುದು.

ಲೈಫ್ ಸೆಂಟೆನ್ಸ್: 14 ವರ್ಷವೋ, ಜೀವನಪೂರ್ತಿಯೋ?

ಹರಡಿರುವ ಮಾತು: ಜೀವಾವಧಿ ಶಿಕ್ಷೆ ಎಂದರೆ 14 ವರ್ಷ. ಜೈಲಿನಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ ಎಂದು ಎಣಿಸುವುದರಿಂದ ನಿಜಕ್ಕೂ 7 ವರ್ಷಕ್ಕೇ ಬಿಡುಗಡೆ.

ನಿಜ: ಎರಡೂ ತಪ್ಪು. ಜೈಲಿನಲ್ಲೂ ದಿನ ಎಂದರೆ 24 ಗಂಟೆಯೇ. ಇಲ್ಲಿ ‘ಲೈಫ್’ ಎಂದರೆ ಅಪರಾಧಿಯ ಉಳಿದ ಆಯುಸ್ಸು. ಗಾಂಧಿ ಹತ್ಯೆ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ಗೋಪಾಲ್ ಗೋಡ್ಸೆ, ತನ್ನ ಶಿಕ್ಷೆಯ ಅವಧಿ ಮುಗಿದಿದೆ ಎಂದು ಸುಪ್ರೀಂ ಕೋರ್ಟಿಗೆ ಹೋದಾಗ, ಸರ್ಕಾರ ಶಿಕ್ಷೆ ಕಡಿಮೆ ಮಾಡದ ಹೊರತು ಜೀವಾವಧಿ ಎಂದರೆ ಸಹಜ ಆಯುಸ್ಸು ಮುಗಿಯುವವರೆಗೆ ಎಂದು ನ್ಯಾಯಾಲಯ 1961ರಲ್ಲಿ ಹೇಳಿತು.

ಹಾಗಾದರೆ 14 ಎಲ್ಲಿಂದ ಬಂತು? 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಎಂಬ ಕಲಮು ಸೇರಿತು. ಮರಣದಂಡನೆಯನ್ನೂ ಕೊಡಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಗಿದ್ದರೆ, ಕನಿಷ್ಠ 14 ವರ್ಷ ಜೈಲಿನಲ್ಲಿ ಕಳೆಯದೆ ಬಿಡುಗಡೆ ಮಾಡುವಂತಿಲ್ಲ ಎಂಬುದು ಅದರ ಸಾರ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲೂ ಈ ನಿಯಮ ಉಳಿದಿದೆ. ಅಂದರೆ 14 ವರ್ಷ ಎಂಬುದು ಬಿಡುಗಡೆಯ ದಿನವಲ್ಲ. ಅದಕ್ಕಿಂತ ಮೊದಲು ಬಿಡಬಾರದು ಎಂಬ ಗೆರೆ. ಅದು ದಾಟಿದ ಮೇಲೂ ಬಿಡುಗಡೆ ಕೈದಿಯ ಹಕ್ಕಲ್ಲ, ಅದನ್ನು ಸರ್ಕಾರ ಪರಿಶೀಲಿಸಿ ತೀರ್ಮಾನಿಸಬೇಕು. ಬೆಂಗಳೂರಿನ ಕೊಲೆ ಪ್ರಕರಣವೊಂದರಲ್ಲಿ, ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ ಎಂಬ 2008ರ ತೀರ್ಪಿನಲ್ಲಿ, ಸುಪ್ರೀಂ ಕೋರ್ಟು ಮರಣದಂಡನೆಯ ಬದಲು ಉಳಿದ ಜೀವನಪೂರ್ತಿ ಜೈಲು ಎಂದೇ ಆದೇಶಿಸಿತು.

ಸಂವಿಧಾನದ ‘ಲೈಫ್’

ಸಂವಿಧಾನದ 21ನೇ ವಿಧಿ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಕಾಪಾಡುತ್ತದೆ. ಇಂಗ್ಲಿಷ್ ಪಠ್ಯದಲ್ಲಿರುವುದು ಅದೇ ‘ಲೈಫ್’. ಈ ಪದಕ್ಕೆ ಬರೀ ಉಸಿರಾಡುವುದು ಎಂಬ ಅರ್ಥ ಮಾಡಬಾರದು, ಘನತೆಯಿಂದ ಬದುಕುವುದೂ ಅದರಲ್ಲಿ ಸೇರಿದೆ ಎಂದು ಸುಪ್ರೀಂ ಕೋರ್ಟು ಹಲವು ಬಾರಿ ಹೇಳಿದೆ. 1985ರಲ್ಲಿ ಮುಂಬೈನ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ ಹೊಟ್ಟೆಪಾಡಿನ ದಾರಿಯೂ ಇದರಲ್ಲಿ ಬರುತ್ತದೆ ಎಂದಿತು. 1992ರ ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಶಿಕ್ಷಣವನ್ನು ಈ ಹಕ್ಕಿಗೆ ಜೋಡಿಸಿತು. ಇಲ್ಲಿ ‘ಲೈಫ್’ಗೆ ‘ಜೀವ’ ಎಂಬುದಕ್ಕಿಂತ ‘ಬದುಕು’ ಎಂಬ ಪದವೇ ಹತ್ತಿರ.

ಲೈಫ್ ಎಕ್ಸ್‌ಪೆಕ್ಟೆನ್ಸಿ: ಸರಾಸರಿಯ ಮೋಸ

ಹರಡಿರುವ ಮಾತು: ಸ್ವಾತಂತ್ರ್ಯ ಬಂದಾಗ ಭಾರತೀಯರ ಆಯುಸ್ಸು 32 ಇತ್ತು, ಅಂದರೆ ಮುದುಕರೇ ಇರಲಿಲ್ಲ. ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು ಫಾರ್ವರ್ಡ್ ಕೂಡ ಇದೆ: ಹಿಂದಿನವರೆಲ್ಲ ನೂರು ವರ್ಷ ಗಟ್ಟಿಮುಟ್ಟಾಗಿ ಬದುಕುತ್ತಿದ್ದರು.

ನಿಜ: 32ರ ಅಂಕಿ ಸುಮಾರಾಗಿ ಸರಿ, ಅರ್ಥ ಮಾಡಿಕೊಂಡದ್ದು ತಪ್ಪು. ಇದು ಹುಟ್ಟುವಾಗಿನ ಜೀವಿತಾವಧಿಯ ಸರಾಸರಿ. ಒಂದು ಲೆಕ್ಕ ನೋಡಿ. ಹತ್ತು ಮಕ್ಕಳು ಹುಟ್ಟಿ, ನಾಲ್ಕು ಮಕ್ಕಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡು, ಉಳಿದ ಆರು ಮಂದಿ 60 ವರ್ಷ ಬದುಕಿದರು ಎಂದುಕೊಳ್ಳೋಣ. ಒಟ್ಟು 360 ವರ್ಷ, ಹತ್ತರಿಂದ ಭಾಗಿಸಿದರೆ ಸರಾಸರಿ 36. ಆದರೆ ಆ ಹತ್ತರಲ್ಲಿ ಒಬ್ಬರೂ 36ನೇ ವಯಸ್ಸಿನಲ್ಲಿ ಸಾಯಲಿಲ್ಲ!

ಆಗ ಎಳೆ ಮಕ್ಕಳ ಸಾವು, ಹೆರಿಗೆಯ ಸಾವು, ಮಲೇರಿಯಾ, ಸಿಡುಬು, ಕಾಲರಾ ಇವೆಲ್ಲ ಸರಾಸರಿಯನ್ನು ಕೆಳಗೆ ಎಳೆದಿದ್ದವು. ಲಸಿಕೆ, ಶುದ್ಧ ನೀರು, ಆ್ಯಂಟಿಬಯಾಟಿಕ್, ಆಸ್ಪತ್ರೆಯ ಹೆರಿಗೆ ಬಂದ ಮೇಲೆ ಈಗ ಸರಾಸರಿ ಸುಮಾರು 70ಕ್ಕೆ ಏರಿದೆ. ಹಾಗಾಗಿ ‘ಅಜ್ಜಿ ತೊಂಬತ್ತು ವರ್ಷ ಬದುಕಿದ್ದರು, ಆಗ ಲಸಿಕೆ ಎಲ್ಲಿತ್ತು’ ಎಂಬ ವಾದ ನಿಲ್ಲುವುದಿಲ್ಲ. ಬದುಕಿ ಉಳಿದ ಅಜ್ಜಿಯನ್ನು ನಾವು ನೋಡಿದ್ದೇವೆ. ತೊಟ್ಟಿಲಲ್ಲೇ ಹೋದ ಅವರ ಒಡಹುಟ್ಟಿದವರನ್ನು ನೋಡಿಲ್ಲ.

‘ಲೈಫ್ ಸ್ಪ್ಯಾನ್’ ಬೇರೆ. ಮನುಷ್ಯ ಗರಿಷ್ಠ ಎಷ್ಟು ಬದುಕಬಲ್ಲ ಎಂಬುದಕ್ಕೂ ಆ ಪದ ಬಳಸುತ್ತಾರೆ. ದಾಖಲೆ ಸಮೇತ ಅತಿ ಹೆಚ್ಚು ಕಾಲ ಬದುಕಿದವರು ಫ್ರಾನ್ಸಿನ ಜಾನ್ ಕಾಲ್ಮಾ. 1997ರಲ್ಲಿ ತೀರಿಕೊಂಡಾಗ ಅವರಿಗೆ 122 ವರ್ಷ.

ಹಾಫ್ ಲೈಫ್: ಎರಡು ಅರ್ಧ ಸೇರಿದರೆ ಒಂದಲ್ಲ

ಇದನ್ನು ಕನ್ನಡದಲ್ಲಿ ‘ಅರ್ಧಾಯು’ ಎನ್ನುತ್ತೇವೆ. ಒಂದು ವಸ್ತುವಿನ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾಗುವ ಸಮಯ ಇದು. ಅರ್ಧಾಯು 30 ವರ್ಷವಾದರೆ 60 ವರ್ಷಕ್ಕೆ ಎಲ್ಲವೂ ಖಾಲಿ ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಮೊದಲ 30 ವರ್ಷಕ್ಕೆ ಅರ್ಧ, 60ಕ್ಕೆ ಕಾಲು, 90ಕ್ಕೆ ಅರೆಕಾಲು ಉಳಿಯುತ್ತದೆ. 1986ರ ಚೆರ್ನೋಬಿಲ್ ದುರಂತದಲ್ಲಿ ಹರಡಿದ ಸೀಸಿಯಂ-137ರ ಅರ್ಧಾಯು ಸುಮಾರು 30 ವರ್ಷ. ಅಲ್ಲಿನ ಮಣ್ಣಿನ ಬಗ್ಗೆ ಇಂದಿಗೂ ಎಚ್ಚರ ವಹಿಸುವುದು ಅದಕ್ಕೇ. ಥೈರಾಯ್ಡ್ ಚಿಕಿತ್ಸೆಗೆ ಬಳಸುವ ಅಯೋಡಿನ್-131ರ ಅರ್ಧಾಯು ಬರೀ 8 ದಿನ.

ನಮ್ಮ ಅಡುಗೆಮನೆಗೂ ಈ ಲೆಕ್ಕ ಬರುತ್ತದೆ. ಕಾಫಿಯಲ್ಲಿರುವ ಕೆಫೀನ್‌ಗೆ ಆರೋಗ್ಯವಂತ ವಯಸ್ಕರ ದೇಹದಲ್ಲಿ ಸರಾಸರಿ 5 ಗಂಟೆಯಷ್ಟು ಅರ್ಧಾಯು, ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸವಿದೆ. ಸಂಜೆ 5ಕ್ಕೆ ಕುಡಿದ ಫಿಲ್ಟರ್ ಕಾಫಿಯ ಕೆಫೀನು ರಾತ್ರಿ 10ಕ್ಕೆ ಸುಮಾರು ಅರ್ಧ, ನಡುರಾತ್ರಿ 3ಕ್ಕೆ ಸುಮಾರು ಕಾಲು ಭಾಗ ಇನ್ನೂ ದೇಹದಲ್ಲಿರುತ್ತದೆ. ನಿದ್ದೆ ಬರುತ್ತಿಲ್ಲ ಎನ್ನುವವರು ಮೊದಲು ಇದನ್ನು ಗಮನಿಸಬಹುದು.

ಶೆಲ್ಫ್ ಲೈಫ್, ಬ್ಯಾಟರಿ ಲೈಫ್, ಲೈಫ್‌ಟೈಮ್: ವಸ್ತುಗಳ ಬಾಳಿಕೆ

ಪ್ಯಾಕೆಟ್ ಮೇಲೆ ‘ಬೆಸ್ಟ್ ಬಿಫೋರ್’ ಎಂದಿದ್ದರೆ ಆ ದಿನದವರೆಗೆ ರುಚಿ, ಗುಣಮಟ್ಟ ಚೆನ್ನಾಗಿರುತ್ತದೆ ಎಂದರ್ಥ. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಎಂದಿದ್ದರೆ ಆ ದಿನ ದಾಟಿದ ಮೇಲೆ ತಿನ್ನಬಾರದು. ಔಷಧಿಯ ಪಟ್ಟಿಯ ಮೇಲೆ ಬರೀ ತಿಂಗಳು, ವರ್ಷ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು ಎಂದು ಲೆಕ್ಕ.

‘ಬ್ಯಾಟರಿ ಲೈಫ್’ಗೆ ಎರಡು ಅರ್ಥ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಹೊತ್ತು ಬರುತ್ತದೆ ಎಂಬುದು ಒಂದು, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂಬುದು ಇನ್ನೊಂದು. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಹಾಕಬೇಕು ಎಂಬ ಸಲಹೆ ಹಳೆಯ ಬಗೆಯ ಬ್ಯಾಟರಿಗಳ ಕಾಲದ್ದು. ಈಗಿನ ಫೋನಿನ ಲಿಥಿಯಂ ಅಯಾನ್ ಬ್ಯಾಟರಿಗೆ ಅದರ ಅಗತ್ಯವಿಲ್ಲ. ಅದರ ಬಾಳಿಕೆಯನ್ನು ತಗ್ಗಿಸುವುದರಲ್ಲಿ ಬಿಸಿಯ ಪಾಲು ದೊಡ್ಡದು.

‘ಲೈಫ್‌ಟೈಮ್ ವ್ಯಾಲಿಡಿಟಿ’ ಯಾರ ಲೈಫ್‌ಟೈಮ್? ಮೊಬೈಲ್ ಕಂಪನಿಗಳು ಇಂಥ ಪ್ಲಾನ್ ತಂದಾಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2006ರಲ್ಲಿ ಇದನ್ನು ಸ್ಪಷ್ಟಪಡಿಸಿತು: ಆ ಕಂಪನಿಗೆ ಸೇವೆ ನೀಡಲು ಲೈಸೆನ್ಸ್ ಇರುವವರೆಗೆ. ಅಂದರೆ ನಿಮ್ಮ ಆಯುಸ್ಸು ಅಲ್ಲ, ಕಂಪನಿಯ ಲೈಸೆನ್ಸಿನ ಆಯುಸ್ಸು! ‘ಲೈಫ್‌ಟೈಮ್ ವಾರಂಟಿ’ ಎಂಬ ಜಾಹೀರಾತು ಕಂಡಾಗಲೂ ಷರತ್ತಿನ ಸಣ್ಣ ಅಕ್ಷರಗಳನ್ನು ಓದಿ.

ಲೈಫ್ ಸರ್ಟಿಫಿಕೇಟ್: ಇಲ್ಲಿ ಹಣವೇ ಹೋಗಬಹುದು

ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ಕೊಡುವ ಪತ್ರ ಇದು. ಇಲ್ಲಿ ‘ಲೈಫ್’ ಎಂದರೆ ಬರೀ ಜೀವಂತ ಇರುವುದು. ಕೇಂದ್ರ ಸರ್ಕಾರದ ಪಿಂಚಣಿದಾರರು ನವೆಂಬರಿನಲ್ಲಿ ಸಲ್ಲಿಸುತ್ತಾರೆ. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ. 2014ರಿಂದ ‘ಜೀವನ್ ಪ್ರಮಾಣ್’ ಮೂಲಕ ಮನೆಯಿಂದಲೂ ಕೊಡಬಹುದು.

‘ನಿಮ್ಮ ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಆಗಿಲ್ಲ, ಪಿಂಚಣಿ ನಿಲ್ಲುತ್ತದೆ, ಈ ಲಿಂಕ್ ಒತ್ತಿ, ಒಟಿಪಿ ಹೇಳಿ’ ಎಂದು ಫೋನು ಬಂದರೆ ಅದು ವಂಚನೆ. ಪಿಂಚಣಿ ಕಚೇರಿ ಯಾವತ್ತೂ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಈಗಾಗಲೇ ಹೇಳಿಬಿಟ್ಟಿದ್ದರೆ ತಕ್ಷಣ ಬ್ಯಾಂಕಿಗೆ ತಿಳಿಸಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆಯಲ್ಲಿರುವ ಹಿರಿಯರಿಗೆ ಇದನ್ನು ಇಂದೇ ಹೇಳಿಡಿ.

ಲೈಫ್ ಸಪೋರ್ಟ್: ಹಾಕಿದರೆ ಮುಗಿಯಿತು ಎಂದಲ್ಲ

ವೆಂಟಿಲೇಟರ್, ಡಯಾಲಿಸಿಸ್‌ನಂಥ ಯಂತ್ರಗಳು ದೇಹದ ಒಂದು ಅಂಗದ ಕೆಲಸವನ್ನು ಸ್ವಲ್ಪ ಕಾಲ ವಹಿಸಿಕೊಳ್ಳುತ್ತವೆ. ನ್ಯುಮೋನಿಯಾ, ಹಾವು ಕಡಿತ, ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ವೆಂಟಿಲೇಟರ್‌ನಲ್ಲಿದ್ದು ಗುಣವಾಗಿ ಮನೆಗೆ ಹೋದವರು ಎಷ್ಟೋ ಮಂದಿ. ಹೃದಯ ಪೂರ್ತಿ ನಿಂತ ದೇಹವನ್ನು ವೆಂಟಿಲೇಟರ್ ಒಂದರಿಂದಲೇ ದಿನಗಟ್ಟಲೆ ‘ಜೀವಂತ’ ತೋರಿಸಲು ಆಗುವುದಿಲ್ಲ. ಅದು ಗಾಳಿ ತಳ್ಳುತ್ತದೆ, ರಕ್ತ ಹರಿಸುವುದಿಲ್ಲ.

ಮಿದುಳು ಸಾವು ಇದರಿಂದ ಬೇರೆ. ಮಿದುಳಿನ ಕಾಂಡ ಶಾಶ್ವತವಾಗಿ ನಿಂತಿದ್ದರೂ ಯಂತ್ರದ ನೆರವಿನಿಂದ ಹೃದಯ ಕೆಲಕಾಲ ಬಡಿಯುತ್ತಿರಬಹುದು. ಅಂಗದಾನಕ್ಕೆ ಮುಂಚೆ, 1994ರ ಅಂಗಾಂಗ ಕಸಿ ಕಾಯ್ದೆಯಡಿ ನಾಲ್ವರು ವೈದ್ಯರ ತಂಡ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಇದನ್ನು ದೃಢಪಡಿಸಬೇಕು. ಕರ್ನಾಟಕದಲ್ಲಿ ಅಂಗದಾನದ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆಯ ಹೆಸರೇ ‘ಜೀವಸಾರ್ಥಕತೆ’. ಮನೆಯವರಿಗೆ ಅನುಮಾನವಿದ್ದರೆ ‘ಇವರು ವೆಂಟಿಲೇಟರ್‌ನಲ್ಲಿದ್ದಾರೋ, ಮಿದುಳು ಸಾವು ಆಗಿದೆಯೋ’ ಎಂದು ವೈದ್ಯರನ್ನು ನೇರವಾಗಿ ಕೇಳಬೇಕು. ಎರಡೂ ಒಂದೇ ಅಲ್ಲ.

ಮಂಗಳದಲ್ಲಿ ‘ಲೈಫ್’

ಖಗೋಳ ವಿಜ್ಞಾನಿಗಳು ‘ಲೈಫ್’ ಎಂದಾಗ ಹೆಚ್ಚಾಗಿ ಅವರ ಮನಸ್ಸಿನಲ್ಲಿರುವುದು ಸೂಕ್ಷ್ಮಜೀವಿ, ಅನ್ಯಗ್ರಹದ ಮನುಷ್ಯರಲ್ಲ. 1984ರಲ್ಲಿ ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಮಂಗಳದ ಉಲ್ಕಾಶಿಲೆಯೊಂದರಲ್ಲಿ ಪ್ರಾಚೀನ ಜೀವಿಗಳ ಕುರುಹು ಇರಬಹುದು ಎಂದು 1996ರಲ್ಲಿ ನಾಸಾ ವಿಜ್ಞಾನಿಗಳು ಹೇಳಿದಾಗ ಜಗತ್ತಿನಾದ್ಯಂತ ಸುದ್ದಿಯಾಯಿತು. ನಂತರ ಆ ಕುರುಹುಗಳು ಜೀವಿಗಳಿಲ್ಲದೆಯೂ ಉಂಟಾಗಬಲ್ಲವು ಎಂದು ಬೇರೆ ವಿಜ್ಞಾನಿಗಳು ತೋರಿಸಿದರು. ‘ಇರಬಹುದು’ ಎಂಬುದು ಫಾರ್ವರ್ಡ್ ಆಗುವಷ್ಟರಲ್ಲಿ ‘ಇದೆ’ ಆಗುವುದೇ ಇಲ್ಲಿನ ತೊಂದರೆ.

ಮಾತಿನ ಸೊಗಸಿಗೆ ಬರುವ ‘ಲೈಫ್’

ಕೆಲವು ಕಡೆ ಪದಶಃ ಅರ್ಥ ಹುಡುಕಬಾರದು. ‘ನಾಟ್ ಆನ್ ಯುವರ್ ಲೈಫ್’ ಎಂದರೆ ‘ಖಂಡಿತ ಸಾಧ್ಯವಿಲ್ಲ’ ಎಂದಷ್ಟೇ, ಜೀವ ಬೆದರಿಕೆ ಅಲ್ಲ. ‘ಗೆಟ್ ಎ ಲೈಫ್’ ಎಂದರೆ ‘ಬೇರೆ ಕೆಲಸ ಇಲ್ಲವಾ ನಿನಗೆ’ ಎಂಬ ಕುಟುಕು. ‘ಲೈಫ್ ಆಫ್ ದಿ ಪಾರ್ಟಿ’ ಎಂದರೆ ಕೂಟಕ್ಕೆ ಕಳೆ ತರುವವರು. ನಮ್ಮವರು ಈ ಪದಕ್ಕೆ ಉಕಾರ ಸೇರಿಸಿ ‘ಲೈಫು’ ಮಾಡಿಕೊಂಡು ‘ಲೈಫು ಸೆಟ್ಲಾಯ್ತು’ ಎನ್ನುತ್ತಾರೆ. ಅಲ್ಲಿ ಅರ್ಥ ಬದುಕು, ಅದರಲ್ಲೂ ಕೆಲಸ, ಮನೆ, ಮದುವೆ.

ಕೊನೆಗೆ, ನೆನಪಿಡಲು ಒಂದು ಸುಲಭ ಉಪಾಯ

‘ಲೈಫ್’ ಇರುವ ಯಾವುದೇ ಸಂದೇಶ ಬಂದಾಗ ಆ ಜಾಗದಲ್ಲಿ ಕನ್ನಡ ಪದ ಇಟ್ಟು ನೋಡಿ.

• ಲೈಫ್ ಸೆಂಟೆನ್ಸ್: ಉಳಿದ ಆಯುಸ್ಸು
• ಲೈಫ್ ಎಕ್ಸ್‌ಪೆಕ್ಟೆನ್ಸಿ: ಸರಾಸರಿ ಜೀವಿತಾವಧಿ
• ಹಾಫ್ ಲೈಫ್: ಅರ್ಧಕ್ಕೆ ಇಳಿಯುವ ಸಮಯ
• ಶೆಲ್ಫ್ ಲೈಫ್, ಬ್ಯಾಟರಿ ಲೈಫ್: ಬಾಳಿಕೆ
• ಲೈಫ್ ಸರ್ಟಿಫಿಕೇಟ್: ಬದುಕಿರುವುದಕ್ಕೆ ಪುರಾವೆ
• ಲೈಫ್ ಸಪೋರ್ಟ್: ಜೀವಕ್ಕೆ ಆಸರೆ
• ಮಂಗಳದ ಲೈಫ್: ಜೀವಿ, ಅದೂ ಸೂಕ್ಷ್ಮಜೀವಿ

ಯಾವ ಕನ್ನಡ ಪದ ಹೊಂದುತ್ತದೆ ಎಂದು ಗೊತ್ತಾದರೆ ಸಂದೇಶದ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಯಾವ ಪದವೂ ಹೊಂದದಿದ್ದರೆ, ಬರೆದವರಿಗೇ ಅರ್ಥ ಆಗಿಲ್ಲ ಎಂದುಕೊಂಡು ಅದನ್ನು ಮುಂದಕ್ಕೆ ಕಳಿಸದೆ ಬಿಟ್ಟುಬಿಡಿ.