ತಡವಾಗಿ ಕೇಳಿಸಿದ ಸದ್ದು: ‘ಫನ್ ಹೌಸ್’ ಮತ್ತು ಗ್ಯಾರೇಜ್ ರಾಕ್

1963ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ‘ದಿ ಕಿಂಗ್ಸ್‌ಮೆನ್’ ಎಂಬ ಹುಡುಗರ ತಂಡ ‘ಲೂಯಿ ಲೂಯಿ’ ಹಾಡನ್ನು ಒಂದೇ ಟೇಕ್‌ನಲ್ಲಿ ಧ್ವನಿಮುದ್ರಿಸಿತು. ಗಾಯಕನ ಮಾತು ಅಸ್ಪಷ್ಟ. ಒಂದು ಚರಣವನ್ನಂತೂ ಆತ ಮೊದಲೇ ಎತ್ತಿಕೊಂಡು ತಡವರಿಸುತ್ತಾನೆ. ಆದರೂ ಅದು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಸಾಹಿತ್ಯ ಅಶ್ಲೀಲವೆಂಬ ದೂರಿನ ಮೇಲೆ ತನಿಖೆಗಿಳಿದ ಎಫ್‌ಬಿಐ, ಪದಗಳೇ ತಿಳಿಯುತ್ತಿಲ್ಲವೆಂದು ಕೈಚೆಲ್ಲಿತು. ಮರುವರ್ಷ ಬೀಟಲ್ಸ್ ಬಂದಿಳಿದರು. ಊರೂರಿನ ಹದಿಹರೆಯದವರು ಮನೆಯ ಕಾರ್ ಶೆಡ್ಡುಗಳಲ್ಲಿ ಗಿಟಾರ್ ಹಿಡಿದು ಕೂತರು. ಗ್ಯಾರೇಜ್ ರಾಕ್ ಬೆಳೆದದ್ದು ಹೀಗೆ.

ಈ ಪರಂಪರೆಯನ್ನು ಅದರ ತುತ್ತತುದಿಗೆ ಒಯ್ದದ್ದು ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್‌ನ ‘ದಿ ಸ್ಟೂಜಸ್’: ಗಾಯಕ ಇಗ್ಗಿ ಪಾಪ್, ಗಿಟಾರ್‌ನಲ್ಲಿ ರಾನ್ ಆಶ್‌ಟನ್, ಡ್ರಮ್ಸ್‌ನಲ್ಲಿ ಅವನ ತಮ್ಮ ಸ್ಕಾಟ್, ಬೇಸ್‌ನಲ್ಲಿ ಡೇವ್ ಅಲೆಕ್ಸಾಂಡರ್. ಜಾನ್ ಕೇಲ್ ನಿರ್ಮಿಸಿದ ಮೊದಲ ಆಲ್ಬಂ 1969ರಲ್ಲಿ ಬಂತು. ವೇದಿಕೆಯ ಮೇಲಿನ ಆವೇಶ ಮಾತ್ರ ಅದರಲ್ಲಿ ಪೂರ್ತಿ ಇಳಿದಿರಲಿಲ್ಲ.

ಎರಡನೆಯದಕ್ಕೆ ಎಲೆಕ್ಟ್ರಾ ಕಂಪನಿ ಒಪ್ಪಿಸಿದ ನಿರ್ಮಾಪಕ ಡಾನ್ ಗಲುಚಿ. ‘ಲೂಯಿ ಲೂಯಿ’ಯಲ್ಲಿ ಕೀಬೋರ್ಡ್ ನುಡಿಸಿದ್ದ ಹುಡುಗ ಇವನೇ! 1970ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಸ್ಟುಡಿಯೋದಲ್ಲಿ ಕೆಲಸ ಶುರುವಾಯಿತು. ಒಂದೊಂದು ವಾದ್ಯವನ್ನೂ ಬೇರ್ಪಡಿಸಿ ಮುದ್ರಿಸುವ ವಾಡಿಕೆಯ ಕ್ರಮದಲ್ಲಿ ಹಾಡುಗಳು ಸಪ್ಪೆಯಾದವು. ಆಗ ಸದ್ದು ಹೀರುವ ತಡಿಕೆಗಳನ್ನು ತೆಗೆಸಿ, ಕಛೇರಿಯಲ್ಲಿ ನಿಲ್ಲುವಂತೆಯೇ ತಂಡವನ್ನು ಒಟ್ಟಿಗೆ ನಿಲ್ಲಿಸಲಾಯಿತು. ಇಗ್ಗಿ ಮೈಕನ್ನು ಕೈಯಲ್ಲೇ ಹಿಡಿದು ಹಾಡಿದ. ಸುಮಾರು ದಿನಕ್ಕೊಂದು ಹಾಡು, ತೃಪ್ತಿಯಾಗುವವರೆಗೆ ಟೇಕ್ ಮೇಲೆ ಟೇಕ್. ಹೀಗೆ ಸಿದ್ಧವಾದದ್ದೇ ಏಳು ಹಾಡುಗಳ ‘ಫನ್ ಹೌಸ್’. ಕೊನೆಯ ಮೂರರಲ್ಲಿ ಸ್ಟೀವ್ ಮೆಕೇಯ ಸ್ಯಾಕ್ಸೊಫೋನ್ ಸೇರಿ, ರಾಕ್ ಸಂಗೀತ ಫ್ರೀ ಜಾಝ್‌ನ ಗದ್ದಲದೊಳಕ್ಕೆ ನುಗ್ಗುತ್ತದೆ.

ಜುಲೈನಲ್ಲಿ ಬಿಡುಗಡೆಯಾದ ಆಲ್ಬಂ ಮಾರಾಟವಾಗಲಿಲ್ಲ. ‘ಕ್ರೀಮ್’ ಪತ್ರಿಕೆಯಲ್ಲಿ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ಎರಡು ಕಂತುಗಳಲ್ಲಿ ಇದನ್ನು ಎತ್ತಿಹಿಡಿದು ಬರೆದರೂ ಅದು ಕಂಪನಿಯ ಲೆಕ್ಕ ಬದಲಿಸಲಿಲ್ಲ. ಮರುವರ್ಷ ಎಲೆಕ್ಟ್ರಾ ತಂಡವನ್ನು ಕೈಬಿಟ್ಟಿತು. ಅದೇ 1970ರಲ್ಲಿ ಪಕ್ಕದ ಡೆಟ್ರಾಯಿಟ್‌ನ ಎಂಸಿ5 ತನ್ನ ಎರಡನೇ ಆಲ್ಬಂನಲ್ಲಿ ವಿರುದ್ಧ ದಾರಿ ಹಿಡಿದು, ಸದ್ದನ್ನು ಅಚ್ಚುಕಟ್ಟಾಗಿ ಒರೆಸಿ ತೊಳೆದಿತ್ತು. ಅದೂ ಗೆಲ್ಲಲಿಲ್ಲ.

‘ಫನ್ ಹೌಸ್’ಗೆ ನಿಜವಾದ ಸ್ವಾಗತ ಸಿಕ್ಕಿದ್ದು ಸಂಗೀತಗಾರರಿಂದಲೇ. ಅದಕ್ಕೆ ಮುನ್ನ, 1972ರಲ್ಲಿ ಗಿಟಾರ್ ವಾದಕ ಲೆನ್ನಿ ಕೇ ಅರವತ್ತರ ದಶಕದ 27 ಹಾಡುಗಳನ್ನು ‘ನಗೆಟ್ಸ್’ ಹೆಸರಲ್ಲಿ ಒಟ್ಟುಗೂಡಿಸಿ, ಮರೆತುಹೋಗಿದ್ದ ಗ್ಯಾರೇಜ್ ತಂಡಗಳಿಗೆ ಗೌರವ ತಂದುಕೊಟ್ಟ. ಪಂಕ್ ಪೀಳಿಗೆಗೆ ಅದು ಪಠ್ಯವಾಯಿತು. 1977ರಲ್ಲಿ ಅದೇ ಪೀಳಿಗೆಯ, ಲಂಡನ್ನಿನ ‘ದಿ ಡ್ಯಾಮ್ಡ್’ ತನ್ನ ಮೊದಲ ಆಲ್ಬಂನಲ್ಲೇ ‘ಫನ್ ಹೌಸ್’ನ ಹಾಡೊಂದನ್ನು ಹಾಡಿತು. 1999ರಲ್ಲಿ ಆ ಮೇ ತಿಂಗಳ ಮುದ್ರಣಗಳೆಲ್ಲ ಏಳು ಸಿಡಿಗಳ ಪೆಟ್ಟಿಗೆಯಾಗಿ ಹೊರಬಂದಾಗ, ಒರಟಾಗಿ ಕೇಳುವ ಆ ಸದ್ದಿನ ಹಿಂದಿನ ಶ್ರಮ ಎಲ್ಲರಿಗೂ ತಿಳಿಯಿತು.

ಹೊಸ ಶತಮಾನದ ಗ್ಯಾರೇಜ್ ತಂಡಗಳೂ ಎರಡನೇ ಆಲ್ಬಂನಲ್ಲಿ, ಒರಟು ಸದ್ದನ್ನು ಉಳಿಸಿಕೊಳ್ಳಬೇಕೇ, ಒರೆಸಿ ತೊಳೆಯಬೇಕೇ ಎಂಬ ಇದೇ ಪ್ರಶ್ನೆ ಎದುರಿಸಿದವು. ಡೆಟ್ರಾಯಿಟ್‌ನ ವೈಟ್ ಸ್ಟ್ರೈಪ್ಸ್ ‘ಡಿ ಸ್ಟೈಲ್’ (2000) ಆಲ್ಬಂ ಅನ್ನು ಮನೆಯಲ್ಲೇ ಮುದ್ರಿಸಿತು. ಸ್ವೀಡನ್ನಿನ ಹೈವ್ಸ್ ಅದೇ ವರ್ಷ ಅರ್ಧ ಗಂಟೆಯೂ ತುಂಬದ ‘ವೇನಿ ವೀಡಿ ವಿಶಸ್’ನಿಂದ ಹೊರದೇಶಗಳಲ್ಲಿ ಹೆಸರಾಯಿತು. ನ್ಯೂಯಾರ್ಕ್‌ನ ಸ್ಟ್ರೋಕ್ಸ್, ನೈಜೆಲ್ ಗಾಡ್ರಿಚ್ ಜೊತೆ ಶುರುಮಾಡಿದ ಕೆಲಸ ಬಿಟ್ಟು, ಹಳೆಯ ನಿರ್ಮಾಪಕ ಗಾರ್ಡನ್ ರಾಫೆಲ್ ಬಳಿಗೇ ಮರಳಿ ‘ರೂಮ್ ಆನ್ ಫೈರ್’ (2003) ಮಾಡಿತು. ಮೊದಲನೆಯದರಂತೆಯೇ ಇದೆ ಎಂಬ ಆಕ್ಷೇಪದ ನಡುವೆಯೂ ಅದು ಅಮೆರಿಕದಲ್ಲಿ ನಾಲ್ಕನೇ ಸ್ಥಾನ ಮುಟ್ಟಿತು.

ವೈಟ್ ಸ್ಟ್ರೈಪ್ಸ್‌ನ ಜಾಕ್ ವೈಟ್ ‘ಫನ್ ಹೌಸ್’ನ ಕಟ್ಟಾ ಅಭಿಮಾನಿ. 2020ರಲ್ಲಿ ಅವನ ಥರ್ಡ್ ಮ್ಯಾನ್ ಕಂಪನಿ, 1970ರ ಆಗಸ್ಟ್‌ನಲ್ಲಿ ಗೂಸ್ ಲೇಕ್ ಉತ್ಸವದಲ್ಲಿ ಸ್ಟೂಜಸ್ ನೀಡಿದ ಕಛೇರಿಯ ಟೇಪನ್ನು ಬಿಡುಗಡೆ ಮಾಡಿತು. ಅಂದು ಒಂದು ಸ್ವರವನ್ನೂ ನುಡಿಸಲಿಲ್ಲವೆಂಬ ಕಾರಣಕ್ಕೆ ಡೇವ್ ಅಲೆಕ್ಸಾಂಡರ್‌ನನ್ನು ತಂಡದಿಂದ ಹೊರಹಾಕಿದರೆಂಬ ಕಥೆ ದಶಕಗಳಿಂದ ಚಾಲ್ತಿಯಲ್ಲಿತ್ತು. ತಪ್ಪುಗಳಿದ್ದರೂ ಆತ ಅಂದು ಬೇಸ್ ನುಡಿಸಿದ್ದನೆಂದು ಆ ಟೇಪು ತೋರಿಸಿತು. ಅಷ್ಟರಲ್ಲಿ ಅವನು ತೀರಿಕೊಂಡು 45 ವರ್ಷಗಳಾಗಿದ್ದವು.